ದೊರೆಗೆ ಹುರಿದ ಮೀನು

ಅಮ್ಮಾ,

ಇವತ್ತು ನಾನು ಅಪ್ಪನ ಮೇಲೆ ಕೈ ಮಾಡಿದೆ.

ನಿನ್ನ ಬೆಕ್ಕು ದೊರೆಗೆ ವಯಸ್ಸಾಯ್ತು. ನಿನ್ನ ಹಾಗೇ ಕಿಡ್ನಿ ಸೋತಿದೆ, ಹೊಟ್ಟೆ ಬೇರೆ ಕಟ್ಟಿಕೊಂಡಿದೆ. ಬೆಳಿಗ್ಗೆ ಅದರ ಹೆಗಲ ಚರ್ಮ ಎತ್ತಿಹಿಡಿದು ಸೂಜಿ ಚುಚ್ಚಿ ಸಲೈನ್ ಕೊಡ್ತಿದ್ದೆ. ಗಕ್ಕನೆ ತಿರುಗಿ ನನ್ನ ಹೆಬ್ಬೆರಳು ಕಚ್ಚಿ ಸೀಳಿತು. ರಕ್ತ ಒರೆಸಿಕೊಳ್ಳುವಷ್ಟರಲ್ಲಿ ಸೋಫಾ ಮೇಲೆ ವಾಂತಿ. ಅದರಲ್ಲಿ ಮೀನಿನ ಮುಳ್ಳು!

ಮೀನು ಬೇಡ, ಉಪ್ಪು ಬೇಡ ಅಂತ ಡಾಕ್ಟರು ಬಡ್ಕೊಂಡಿದ್ದಾರೆ. ಅಡುಗೆಮನೆಗೆ ನುಗ್ಗಿದರೆ ಅಪ್ಪ ಕಳ್ಳನ ಹಾಗೆ ನಿಂತು ಹುರಿದ ಮೀನು ಬಿಡಿಸ್ತಿದ್ದಾನೆ. ಮೈಯೆಲ್ಲ ಉರಿದುಹೋಯ್ತು. ತಟ್ಟೆ ಕಿತ್ತು ಗೋಡೆಗೆ ಬೀಸಿದೆ. ಕಾಲರ್ ಹಿಡಿದು ಅವನನ್ನು ಫ್ರಿಜ್ಜಿಗೆ ಒತ್ತಿ, "ಅದನ್ನ ಸಾಯಿಸ್ತಿದ್ದೀಯಾ ನೀನು!" ಅಂತ ಕಿರುಚಿದೆ.

ಅಪ್ಪ ಬಿಡಿಸಿಕೊಳ್ಳಲಿಲ್ಲ. ನನ್ನ ಕೆನ್ನೆಗೆ ಒಂದು ಬಿಗಿದ.

"ನಿಮ್ಮಮ್ಮನ ಕೈಯಿಂದಲೂ ನೀನು ಹೀಗೇ ತಟ್ಟೆ ಕಿತ್ಕೊಂಡೆ. ಒಂದೇ ಒಂದು ಚೂರು ಮೀನು ಕೇಳಿದ್ಳು. ಕೊಡದೇ ಇದ್ದದ್ದಕ್ಕೆ ಬದುಕಿದ್ಳಾ?"

ಕಾಲರ್ ಬಿಟ್ಟೆ. ಅಷ್ಟರಲ್ಲಿ ದೊರೆ ತೂರಾಡಿಕೊಂಡು ಬಂದು, ಒಡೆದ ಪಿಂಗಾಣಿ ನಡುವೆ ಬಿದ್ದಿದ್ದ ಮೀನಿಗೆ ಬಾಯಿ ಹಾಕಿತು. ಅಪ್ಪ ನನ್ನನ್ನೇ ನೋಡ್ತಿದ್ದ.

ನಾನು ಮಂಡಿಯೂರಿ ಕೂತೆ. ಅದರ ನಾಲಿಗೆಗೆ ತಾಗದ ಹಾಗೆ ಪಿಂಗಾಣಿ ಚೂರುಗಳನ್ನು ಒಂದೊಂದಾಗಿ ಆರಿಸಿದೆ. ಆಮೇಲೆ ಮುಳ್ಳನ್ನೂ ಬಿಡಿಸಿಕೊಟ್ಟೆ, ಅಮ್ಮಾ.

ತಿಂತು. ಕಣ್ಣು ಮುಚ್ಚಿಕೊಂಡು, ಪೂರ್ತಿ ತಿಂತು.