ನಾಲ್ಕು ಬೆರಳಿನ ಮಡಿಕೆ

ಅಮ್ಮಾ,

ಅಳತೆ ಪುಸ್ತಕದ ಕೊನೇ ಹಾಳೆಯಲ್ಲಿ ಬರೀತಿದ್ದೀನಿ. ಅಂಚೆಗೆ ಹಾಕೋ ಕಾಗದವಲ್ಲ ಇದು.

ಇವತ್ತು ಮಗಳ ಕ್ರಿಸ್ಮಸ್ ಫ್ರಾಕಿಗೆ ಬಟ್ಟೆ ಕತ್ತರಿಸಿದೆ. ಇನ್ನೂ ಆಗಸ್ಟ್. "ಈಗಲೇ ಯಾಕಮ್ಮಾ?" ಅಂದಳು. "ಆಮೇಲೆ ಗಿರಾಕಿಗಳ ಕಾಟ, ನಿನ್ನದು ಹಿಂದೆ ಬೀಳುತ್ತೆ" ಅಂದೆ. ಅದು ನಿನ್ನದೇ ಮಾತು. ಬಾಯಿಂದ ಬಿದ್ದಮೇಲೆ ಗೊತ್ತಾಯಿತು.

ಆ ವರ್ಷ ನೀನೂ ಆಗಸ್ಟಿನಲ್ಲೇ ನನ್ನ ಫ್ರಾಕು ಹೊಲಿದೆ, ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಚಿ. "ಗೋಣಿಚೀಲದ ಹಾಗಿದೆ, ನಾನು ಹಾಕಲ್ಲ" ಅಂತ ಮೂತಿ ತಿರುಗಿಸಿದ್ದೆ. ನೀನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಡಿಕೆ ಸರಿಮಾಡುತ್ತಲೇ ಇದ್ದೆ. ಅಕ್ಟೋಬರಿನಲ್ಲಿ ನೀನು ಹೋದೆ. ಅಪ್ಪ ವರ್ಷಕ್ಕೊಂದು ಬೆರಳು ಮಡಿಕೆ ಬಿಚ್ಚಿಕೊಟ್ಟರು. ಐದು ಕ್ರಿಸ್ಮಸ್ ಅದನ್ನೇ ಹಾಕಿದೆ.

ಮೊನ್ನೆ ಡಾಕ್ಟರು ನನ್ನ ರಿಪೋರ್ಟ್ ನೋಡಿ, "ಮುಂದಿನ ಸಲ ಒಬ್ಬರೇ ಬರಬೇಡಿ" ಅಂದರು. ಮನೆಯಲ್ಲಿ ಇವರಿಗೆ ಇನ್ನೂ ಹೇಳಿಲ್ಲ.

ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ನಾಲ್ಕು ಬೆರಳು ಮಡಚಿದೆ. ಸಾಲದು ಅನ್ನಿಸಿ ಆರು ಮಾಡಿದೆ.

"ಅಷ್ಟೊಂದು ಯಾಕೆ? ನಾನು ಬೆಳೆದರೆ ನೀನು ಬೇರೆ ಹೊಲಿಯಲ್ವಾ?" ಅಂತ ಕೇಳಿದಳು.

ನಾನು ಡಬ್ಬಿಯಿಂದ ಗುಂಡುಸೂಜಿಗಳನ್ನು ತೆಗೆದು ಬಾಯಲ್ಲಿಟ್ಟುಕೊಂಡೆ.