ನಡುಹಗಲ ನಡಿಗೆಗೆ ಹೊಲಿದ ಅಂಗಿ

ಸನ್ ೨೨೧೩, ಎರಡನೇ ಬೇಸಿಗೆ, ಶುಕ್ರವಾರ
ಕಾಲುವೆಪೇಟೆ, ರಾಯಚೂರು ಸೀಮೆ

ಹಿರಿಯಜ್ಜಿ ತಸ್ಲೀಮಾ ಬೇಗಂ ಅವರಿಗೆ, ನಿಮ್ಮ ಮರಿಮಗಳ ಮೊಮ್ಮಗ ದರ್ಜಿ ಚಾಂದಪಾಷಾ ಮಾಡುವ ಸಲಾಮು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದು ಮುಗಿದು ನಾಲ್ಕು ಹನಿ ಬಿದ್ದ ಮೇಲೆ ಎರಡನೆಯದು ಶುರು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಹಳ್ಳಿ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದೇನೆ. ಅಷ್ಟರಲ್ಲಿ ಮಾಸ್ತರರಿಗೆ ಗೊತ್ತಿದ್ದದ್ದೆಲ್ಲ ಮುಗಿದುಹೋಯಿತು. ಕಾಗದ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ಅದು ಎಂಟನೇ ಇಯತ್ತೆಯ ಪಾಠವಂತೆ.

ನಿಮಗೀಗ ಹತ್ತೊಂಬತ್ತು ನಡೆಯುತ್ತಿದೆ. ಇಂಥ ಬಿಸಿಲಲ್ಲಿ ಮೈತುಂಬ ಬಟ್ಟೆ ಹಾಕಿಕೊಂಡು ಕಾಲೇಜಿಗೆ ಹೋಗುವುದು ಹೇಗೆ, ಮನೆಯಲ್ಲೇ ಕೂತುಬಿಡಲೇ ಎಂದು ನೀವು ಯೋಚಿಸುತ್ತಿದ್ದಿರೆಂದು ನಮ್ಮ ಮನೆಯ ಹೆಂಗಸರು ಇಂದಿಗೂ ಹೇಳುತ್ತಾರೆ. ಅದಕ್ಕೇ ನನ್ನ ತಂಗಿಯ ಮಗಳು ಖುರ್ಷಿದಾಳ ಸಂಗತಿ ಬರೆಯುತ್ತಿದ್ದೇನೆ. ನಡುವೆ ನನ್ನ ಹೊಗಳಿಕೆಯೂ ಬರುತ್ತದೆ. ಅದು ಸುಳ್ಳಲ್ಲವಾದ್ದರಿಂದ ಬಿಡಲಾಗುವುದಿಲ್ಲ.

ನಮ್ಮೂರ ಕಾಲುವೆಗೆ ಉದ್ದಕ್ಕೂ ಬಿಸಿಲುಗನ್ನಡಿಗಳ ಚಾವಣಿ ಇದೆ. ಊರಿನ ದೀಪ, ಪಂಪು, ಗಿರಣಿ ಎಲ್ಲ ನಡೆಯುವುದು ಅದರಿಂದಲೇ. ಕನ್ನಡಿಗಳ ಮೇಲೆ ಧೂಳು ಕೂತರೆ ಕರೆಂಟು ಇಳಿಯುತ್ತದೆ, ಆದ್ದರಿಂದ ಕನ್ನಡಿಕಾವಲಿನವರು ಅವನ್ನು ಒರೆಸುತ್ತ ನಡುಹಗಲಲ್ಲೂ ಮೇಲೆ ಓಡಾಡಬೇಕು. ಉಳಿದ ಊರು ಆ ಹೊತ್ತಿಗೆ ನೆಲಮಾಳಿಗೆಯಲ್ಲಿ ಮಲಗಿರುತ್ತದೆ. ಸಂತೆ, ಮದುವೆ, ಜಗಳ ಎಲ್ಲ ಬೆಳಗಿನ ಜಾವವೇ ಮುಗಿಯಬೇಕು. ಜುಮ್ಮಾ ನಮಾಜಿಗೂ ಮಸೀದಿಯ ಕೆಳಗೊಂದು ತಳಮನೆ ಇದೆ. ಕಾವಲಿಗೆ ಸೇರಬೇಕಾದರೆ ನಡುಹಗಲ ನಡಿಗೆ ಎಂಬ ಪರೀಕ್ಷೆ ಕೊಡಬೇಕು. ಕೈಗೆ ಕಾವುಬಳೆ ತೊಡಿಸಿ ಚಾವಣಿಯ ಮೇಲೆ ಈ ತೂಬಿನಿಂದ ಆ ತೂಬಿನವರೆಗೆ ನಡೆಸುತ್ತಾರೆ. ಮೈಯ ಕಾವು ಗೆರೆ ದಾಟಿದರೆ ಬಳೆ ಕೂಗುತ್ತದೆ. ಕೂಗಿದರೆ ಆ ಮನುಷ್ಯನಿಗೆ ಮತ್ತೆ ಆ ಕೆಲಸ ಕೇಳುವ ಹಕ್ಕಿಲ್ಲ.

ಖುರ್ಷಿದಾ ಚಿಕ್ಕಂದಿನಿಂದ ಅದೇ ಕೆಲಸದ ಕನಸು ಕಂಡವಳು. ಪರೀಕ್ಷೆಗೆ ಬಂದವರಿಗೆ ಕಾಲುವೆ ಕಚೇರಿಯವರು ತಂಪಂಗಿ ಕೊಡುತ್ತಾರೆ. ಒಳಗೆ ತಣ್ಣೀರಿನ ಸಣ್ಣ ಕೊಳವೆಗಳಿರುವ, ಮೈಗೆ ಬಿಗಿಯಾಗಿ ಕೂರುವ, ತೋಳಿಲ್ಲದ ಅಂಗಿ ಅದು. ಅವಳು ನನ್ನ ಅಂಗಡಿಗೆ ಬಂದು ಹೇಳಿದಳು: "ಅದು ಮೈಗೆ ಅಂಟ್ತದ ಮಾಮಾ, ತೋಳೆಲ್ಲ ಕಾಣ್ತದ. ನಾ ಅದನ್ನ ಹಾಕ್ಕೊಳ್ಳಂಗಿಲ್ಲ. ಕೆಲಸನೂ ಬಿಡಂಗಿಲ್ಲ." ಪರೀಕ್ಷೆ ನಡೆಸುವ ಶರಣಮ್ಮ ನೇರ ಮಾತಿನ ಹೆಂಗಸು. "ನಿನ್ನ ಬಟ್ಟಿ ನೀ ಹಾಕ್ಕೊ ತಂಗಿ, ನನ್ನ ತಕರಾರಿಲ್ಲ. ಆದ್ರ ಈ ಕಾವುಬಳಿ ಯಾರ ಮುಖನೂ ನೋಡಂಗಿಲ್ಲ" ಅಂದಿದ್ದರು.

ಏಳೂರಿನಲ್ಲಿ ನನ್ನಂಥ ದರ್ಜಿ ಇಲ್ಲ. ಎಂಟನೇ ಊರಿಗೆ ನಾನು ಹೋಗಿಲ್ಲ. ನಮ್ಮಲ್ಲಿ ಹೆಂಗಸರ ಮೈಗೆ ಟೇಪು ಹಿಡಿಯುವ ಪದ್ಧತಿ ಇಲ್ಲ, ಅಳತೆಗೆಂದು ಒಂದು ಹಳೆಯ ಅಂಗಿ ಕಳಿಸುತ್ತಾರೆ. ನನ್ನ ತಂಗಿ ಬದ್ರುಗೆ ಅಣ್ಣನ ಅಂಗಡಿಗೆ ಹಳೆಯದನ್ನು ಕಳಿಸುವುದೆಂದರೆ ಮರ್ಯಾದೆಯ ಪ್ರಶ್ನೆ. ಮಗಳ ಈದ್ ಹಬ್ಬದ ಕುರ್ತಾ ಕಳಿಸಿದಳು. ಹಬ್ಬದ ಕುರ್ತಾ ಮೈಗೆ ಒಪ್ಪುವಂತೆ ಬಿಗಿಯಾಗಿ ಹೊಲಿದದ್ದು. ನಾನೂ ಅದರ ಅಳತೆಗೆ ಒಂದು ನೂಲು ತಪ್ಪದಂತೆ ಹೊಲಿದೆ. ಒಳಗಿನದು ಕಾಣದಿರಲೆಂದು ಬದ್ರುವೇ ಕಳಿಸಿದ ಕಪ್ಪು ಹೊಳಪಿನ ಅಸ್ತರನ್ನೂ ಹಾಕಿದೆ. ಪರೀಕ್ಷೆಗೆ ಮೊದಲು ಮನೆಯಲ್ಲೇ ನೋಡಿಬಿಡೋಣವೆಂದು, ಪಕ್ಕದ ಮನೆಯ ಕಾವಲಿನವರಿಂದ ಕಾವುಬಳೆ ಇಸಿದುಕೊಂಡು ಖುರ್ಷಿದಾ ಆ ಅಂಗಿ ತೊಟ್ಟು ಬಿಸಿಲಿಗಿಳಿದಳು. ಅಂಗಳ ದಾಟುವಷ್ಟರಲ್ಲಿ ಬಳೆ ಕೂಗಿತು.

ಹುಡುಗಿ ಅಳಲಿಲ್ಲ. ನೀರು ಕುಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾಮಾ, ನಿನ್ನ ಜುಬ್ಬಾ ಅಳತಿಗೆ ಇಟ್ಕೊ." ನನ್ನ ಹೊಟ್ಟೆ ಈ ಸೀಮೆಯಲ್ಲಿ ಹೆಸರುವಾಸಿ. ಆ ಅಳತೆಗೆ ಕೈಮಗ್ಗದ ಹತ್ತಿ ಬಟ್ಟೆ ಕತ್ತರಿಸಿದೆ. ಬಣ್ಣ ಹಾಕದ, ಒತ್ತಾಗಿ ನೆಯ್ದ, ಅಸ್ತರು ಬೇಡದ ಬಟ್ಟೆ. ತೋಳು ಮಣಿಕಟ್ಟಿನವರೆಗೆ, ಆದರೆ ಕೋಳಿ ನುಗ್ಗುವಷ್ಟು ಅಗಲ. ಬಗಲಿಗೆ ಚೌಕದ ತುಂಡು, ಪಕ್ಕಕ್ಕೆ ಅಗಲದ ಪಟ್ಟಿ. ತಲೆಗೂ ಎದೆಗೂ ಅದೇ ಹತ್ತಿಯ ಓಢಣಿ, ಬೆವರು ಹೀರಲು ಅದರಡಿಗೆ ತೆಳ್ಳನೆಯದೊಂದು. ಗಾಳಿ ಕೆಳಗಿನಿಂದ ಹೊಕ್ಕು ಕೊರಳ ಬಳಿ ಹೊರಬೀಳಬೇಕು, ಅಷ್ಟೇ ವಿದ್ಯೆ. ಬದ್ರು ನೋಡಿ, "ಅಂಗಿ ಹೊಲ್ದಿಯೋ ಡೇರೆ ಹೊಲ್ದಿಯೋ? ನಾಳೆ ಇವಳನ್ನ ನೋಡಾಕ ಬಂದವ್ರು ಒಳಗ ಎಷ್ಟು ಮಂದಿ ಅದಾರ ಅಂತ ಕೇಳ್ತಾರ" ಅಂದಳು.

ಪರೀಕ್ಷೆಯ ದಿನ ಖುರ್ಷಿದಾಳ ಜೊತೆ ತಂಪಂಗಿ ತೊಟ್ಟ ಇಬ್ಬರು ಹುಡುಗರಿದ್ದರು. ಅರ್ಧ ದಾರಿಗೆ ಕೊಳವೆಯ ನೀರು ಕಾದು ಅಂಗಿ ಅವರನ್ನೇ ಬೇಯಿಸತೊಡಗಿತು. ಒಬ್ಬನ ಬಳೆ ಕೂಗಿತು, ಇನ್ನೊಬ್ಬ ಹೇಗೋ ಮುಗಿಸಿದ. ಖುರ್ಷಿದಾ ಅವಸರ ಮಾಡಲಿಲ್ಲ. ನಡುವೆ ಕಂಬದ ನೆರಳಲ್ಲಿ ಕೂತಳು, ನೀರು ಕುಡಿದಳು, ಓಢಣಿಯ ತುದಿ ಒದ್ದೆ ಮಾಡಿಕೊಂಡಳು. ಕೂರಬಾರದೆಂಬ ನಿಯಮವಿಲ್ಲ. ಕೆಳಗಿನಿಂದ ಯಾರೋ "ಸಾಕಾತೇನ ಬೇ" ಅಂತ ಕೂಗಿದರು. ಅವಳು ಎದ್ದು, ಬಟ್ಟೆ ಒಮ್ಮೆ ಕೊಡವಿ, ನಡೆದು ತೂಬು ಮುಟ್ಟಿದಳು. ಬಳೆ ಮೂಕವಾಗಿತ್ತು. ಶರಣಮ್ಮ ಬಟ್ಟೆಯ ಅಂಚು ಬೆರಳಲ್ಲಿ ಹಿಚುಕಿ ನೋಡಿ, ಇದನ್ನು ಹೊಲಿದವರಾರು ಎಂದು ಕೇಳಿದರಂತೆ. ಉತ್ತರ ನಾನೇ ಊರಿಗೆಲ್ಲ ಹೇಳಿಕೊಂಡು ಬಂದೆ.

ಅಜ್ಜಿಯವರೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ಬಟ್ಟೆಯಂಗಡಿಯವನು ಹೊಳೆಯುವುದನ್ನೇ ಮುಂದಿಡುತ್ತಾನೆ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಆಚೆ ಹೋಗಬೇಕು. ಹಿಂದೆ ಕೈ ಇಟ್ಟು ಬೆಳಕಿಗೆ ಹಿಡಿಯಿರಿ, ಕೈ ಕಾಣಬಾರದು. ಇವೆರಡೂ ಕೂಡಿದರೆ ಕೊಳ್ಳಿ, ಸಡಿಲಾಗಿ ಹೊಲಿಸಿ, ಮನೆಯಲ್ಲಿ ಕೂರದೆ ಕಾಲೇಜಿಗೆ ಹೊರಡಿ. ತಲೆ ತಿರುಗಿದರೆ ಮಾತ್ರ ನೆರಳಿಗೆ ಹೋಗಿ ಕೂತುಬಿಡಿ. ಅದರಿಂದ ಮಾನವೂ ಹೋಗುವುದಿಲ್ಲ, ದೀನ್-ಧರ್ಮವೂ ಹೋಗುವುದಿಲ್ಲ.

ಇವತ್ತು ಖುರ್ಷಿದಾಳ ಮೊದಲ ನಡುಹಗಲ ಪಾಳಿ. ನಾನು ತಂಗಿಯ ಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಮೇಲಿನಿಂದ ಇಳಿದವರು ಸಾಮಾನ್ಯವಾಗಿ ಮನೆ ಸೇರಿ ಮಂಚಕ್ಕೆ ಬೀಳುತ್ತಾರೆ. ಬದ್ರು ಮಜ್ಜಿಗೆ, ಬೀಸಣಿಗೆ, ಒದ್ದೆ ಟವೆಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹುಡುಗಿ ಈಗಷ್ಟೇ ಒಳಗೆ ಬಂದಳು. ಚಪ್ಪಲಿ ಬಿಟ್ಟು, ಮಜ್ಜಿಗೆಯ ಕಡೆ ನೋಡಿ, "ಚಾ ಇಲ್ಲೇನು ಮಾಮಾ, ಬಿಸಿದು?" ಎಂದು ಕೇಳುತ್ತಿದ್ದಾಳೆ. ಒಲೆ ಹೊತ್ತಿಸಬೇಕು. ಖುದಾ ಹಾಫಿಜ್.