ಯಾರಿಗೆ ಬರುತ್ತದೆ, ಯಾರಿಗೆ ಬರಬೇಕು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8

ಮೇಣ ಕರಗಲು ಇಟ್ಟು ಈ ವರ್ಷದ ಸಿನಿಮಾ ಪ್ರಶಸ್ತಿಗಳ ಪಟ್ಟಿ ತೆಗೆದೆ. ಇಪ್ಪತ್ತೆರಡು ವಿಭಾಗ. ಒಂಬತ್ತು ತುಂಬಿದ್ದಾಯಿತು. ಶ್ರೇಷ್ಠ ನಟ — ಯುದ್ಧದ ಸಿನಿಮಾದವನು. ಅನುಮಾನವೇ ಇಲ್ಲ. ಕಾಲು ಕಳೆದುಕೊಂಡ ಪಾತ್ರಕ್ಕೆ ತೀರ್ಪುಗಾರರು ಇಲ್ಲ ಅಂದದ್ದನ್ನು ನಾನು ಕಂಡಿಲ್ಲ. ಸಂಗೀತ — ಕಳ್ಳರ ಸಿನಿಮಾ. ಸಂಕಲನ — ಅದೇ. ಕಥೆ... ನಾಳೆ ನೋಡೋಣ.

ಎಂದಿನಂತೆ ಎರಡು ಕಾಲಂ. ‘ಯಾರಿಗೆ ಬರುತ್ತದೆ’, ‘ಯಾರಿಗೆ ಬರಬೇಕು’. ಪೆನ್ನಿನಲ್ಲೇ ಬರೆಯಬೇಕು, ತಿದ್ದುವಂತಿಲ್ಲ. ಹಲ್ಲಿನ ಡಾಕ್ಟರ ನಿಯಮ. ಅವರ ಕ್ಲಿನಿಕ್ಕಿನಲ್ಲಿ ಯಾರ ಬಾಯಿಗೆ ಹಲ್ಲಿನ ಸೆಟ್ ಕೂತರೂ ಅದು ನನ್ನ ಬೆಂಚಿನಿಂದಲೇ ಹೋದದ್ದು. ಪ್ರಶಸ್ತಿಯ ವಿಷಯದಲ್ಲಿ ಮಾತ್ರ ಇಪ್ಪತ್ತಾರು ವರ್ಷದ ಎದುರಾಳಿ. ಸೋತವರು ಗೆದ್ದವರು ಹೇಳಿದ ಸಿನಿಮಾವನ್ನು ಕೊನೆಯ ಹೆಸರು ಹೋಗುವವರೆಗೂ ಕೂತು ನೋಡಬೇಕು. ಹೋದ ವರ್ಷ ನನಗೆ ಮಾತನಾಡುವ ಕುದುರೆಯ ಸಿನಿಮಾ ತೋರಿಸಿದರು. ಮರೆತಿಲ್ಲ.

ಹನ್ನೊಂದನೆಯ ವಿಭಾಗ ಮೇಕಪ್. ಖಾಲಿ ಬಿಟ್ಟಿದ್ದೇನೆ. ಐದು ಹೆಸರುಗಳಲ್ಲಿ ಮೂರನೆಯದು ನನ್ನ ಮಗಳದು.

ಫೆಬ್ರವರಿ 5, ಬುಧವಾರ

ಇವತ್ತೂ ಖಾಲಿ.

ಅವಳ ಕೈ ಪಳಗಿದ್ದು ಈ ಬೆಂಚಿನಲ್ಲೇ. ಶಾಲೆಯಿಂದ ಬಂದವಳೇ ಉಳಿದ ಮೇಣದಲ್ಲಿ ಮೂಗು, ಕಿವಿ ಮಾಡಲು ಕೂರುತ್ತಿದ್ದಳು. ಒಮ್ಮೆ ನನ್ನದೇ ಮೂಗು ಮಾಡಿ, ನನ್ನ ಮೂಗಿನ ಮೇಲೇ ಅಂಟಿಸಿ, ‘ಈಗ ಡಬಲ್’ ಎಂದು ಬಿದ್ದು ಬಿದ್ದು ನಕ್ಕಿದ್ದಳು. ಈಗ ಸಿನಿಮಾದವರಿಗೆ ಗಾಯ, ಬೋಳುತಲೆ, ಮುಪ್ಪು — ಕೇಳಿದ್ದು ಮಾಡಿಕೊಡುತ್ತಾಳೆ. ಈ ಸಿನಿಮಾದಲ್ಲಿ ಮೂವತ್ತನಾಲ್ಕರ ನಟಿಯನ್ನು ಎಂಬತ್ತರ ಮುದುಕಿ ಮಾಡಿದ್ದಾಳೆ. ದಿನಕ್ಕೆ ಆರು ಗಂಟೆ ಕೂರಿಸಿಕೊಂಡು.

ಹೋದ ವರ್ಷ ಶೂಟಿಂಗಿಗೆ ಮುಂಚೆ ಬಂದಿದ್ದಳು. ‘ಅಪ್ಪ, ನಮ್ಮ ಮುದುಕಿಗೆ ಹಲ್ಲು ನೀನೇ ಮಾಡಿಕೊಡು. ಮುಖ ನಾನು ನೋಡ್ಕೋತೀನಿ.’ ಆ ವಾರ ಹದಿನಾರು ಸೆಟ್ ಬಾಕಿ ಇತ್ತು. ‘ಹಲ್ಲು ಯಾರು ನೋಡ್ತಾರೆ ಪುಟ್ಟಾ? ಮುಖ ಸರಿಯಿದ್ರೆ ಆಯ್ತು’ ಅಂದೆ. ತಲೆ ಕೂಡ ಎತ್ತಲಿಲ್ಲ ಅನಿಸುತ್ತದೆ. ಅವಳೇ ಹೇಗೋ ಮಾಡಿಕೊಂಡಳು.

ಫೆಬ್ರವರಿ 8, ಶನಿವಾರ

ಮ್ಯಾಟಿನಿಗೆ ಹೋಗಿದ್ದೆವು. ನಾನು, ಇವಳು — ಮಗಳ ಅಮ್ಮ. ಇವಳು ಅರ್ಧದಿಂದಲೇ ಕರವಸ್ತ್ರ ಹಿಡಿದು ಕೂತಳು. ಅಳಲೇಬೇಕು, ಅಂಥ ಮುಖ. ಕತ್ತಿನ ಸುಕ್ಕು, ಕಣ್ಣಿನ ಕೆಳಗಿನ ಚೀಲ, ಕೈ ಹಿಂಭಾಗದ ಕಲೆಗಳು... ಹೆಮ್ಮೆಯಿಂದ ಪಕ್ಕದವರ ಕಡೆ ಎರಡು ಸಲ ನೋಡಿದೆ.

ಆಮೇಲೆ ಮುದುಕಿ ನಕ್ಕಳು. ಕ್ಯಾಮೆರಾ ಹತ್ತಿರ ಹೋಯಿತು. ನಾಲ್ಕು ಸೆಕೆಂಡು ಇರಬಹುದು.

ಎಲ್ಲ ಹಲ್ಲೂ ಸಮ. ಬಣ್ಣ ಹಳದಿ, ಆಕಾರ ಹೊಸದು. ಎಂಬತ್ತು ವರ್ಷ ಅಗಿದ ಬಾಯಲ್ಲ ಅದು. ನನ್ನ ಪಾಲಿಗೆ ಮುದುಕಿ ಅಲ್ಲೇ ಎದ್ದುಹೋದಳು, ಉಳಿದವಳು ಬಣ್ಣ ಬಳಿದುಕೊಂಡ ಹುಡುಗಿ. ಮಿಕ್ಕ ಒಂದು ಗಂಟೆ ಹಲ್ಲು ಮಾತ್ರ ಕಂಡಿತು.

ಹೊರಗೆ ಬಂದಾಗ ಇವಳು ಕೇಳಿದಳು: ‘ಹೇಗಿತ್ತು ರೀ?’ ಚೆನ್ನಾಗಿತ್ತು ಅಂದೆ.

ಫೆಬ್ರವರಿ 9, ಭಾನುವಾರ

ತುಂಬಿದೆ. ಮೇಕಪ್ — ಯುದ್ಧದ ಸಿನಿಮಾ. ಎರಡೂ ಕಾಲಂನಲ್ಲಿ.

ಇವಳು ಕಾಫಿ ತಂದವಳು ಇಣುಕಿ ನೋಡಿದಳು.

‘ಮಗಳ ಹೆಸರು ಬರೆಯೋಕೆ ನಿಮ್ಮ ಕೈಗೆ ಏನು ಬಂದಿತ್ತು?’

‘ಇದು ಭವಿಷ್ಯ ಕಣೇ. ಆಶೀರ್ವಾದ ಅಲ್ಲ.’

‘ಯಾರು ನೋಡ್ತಾರೆ ಈ ಭವಿಷ್ಯಾನ? ನೀವು, ಆ ಡಾಕ್ಟರು. ಇಬ್ಬರು ಮುದುಕರು. ಅದಕ್ಕೆ ಸತ್ಯಸಂಧರ ಹಾಗೆ...’

ವಾಕ್ಯ ಮುಗಿಸದೆ ಹೋದಳು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಮರೆವಲ್ಲ.

ನನಗೂ ಒಂದು ಮರ್ಯಾದೆ ಇದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ದಾಕ್ಷಿಣ್ಯಕ್ಕೆ ಬರೆದವನಲ್ಲ.

ಫೆಬ್ರವರಿ 16, ಭಾನುವಾರ. ಸಂಜೆ 5

ಮಗಳು ಊಟಕ್ಕೆ ಬಂದಿದ್ದಳು. ಪಟ್ಟಿ ಪ್ರತಿ ವರ್ಷದಂತೆ ಬೆಂಚಿನ ಮೇಲಿನ ಗೋಡೆಯಲ್ಲೇ ಇತ್ತು. ಮುಚ್ಚಿಡಬೇಕೆಂದು ಹೊಳೆಯಲಿಲ್ಲ. ಸುಳ್ಳು. ಹೊಳೆದಿತ್ತು. ಮುಚ್ಚಿಟ್ಟರೆ ಇನ್ನೂ ಕೆಟ್ಟದು ಅನಿಸಿತು.

ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ನಟಿಯ ವಿಭಾಗಕ್ಕೆ ಬಂದಾಗ, ‘ಅಯ್ಯೋ ಅಪ್ಪ, ಅವಳಿಗಾ? ಅವಳಿಗೆ ಅಳೋಕೂ ಡೈರೆಕ್ಟರ್ ಹೇಳ್ಕೊಡಬೇಕು’ ಎಂದು ನಕ್ಕಳು. ನಾನೂ ನಕ್ಕೆ. ಬೆರಳು ಇಳಿಯಿತು. ಹನ್ನೊಂದರಲ್ಲಿ ನಿಂತಿತು.

‘ಬರುತ್ತೆ ಅಂತ ಬರೀದಿದ್ರೆ ಬೇಜಾರಿಲ್ಲ ಅಪ್ಪ. ನನಗೂ ಗೊತ್ತು, ಬರಲ್ಲ. ಅವರ ಗಾಯಗಳನ್ನ ನಾನೂ ನೋಡಿದೀನಿ.’

ಉಸಿರು ಬಂತು ನನಗೆ.

‘ಬರಬೇಕು ಅಂತಾನೂ ಅನಿಸಲಿಲ್ವಾ?’

ಏನಾದರೂ ಹೇಳಬಹುದಿತ್ತು. ಕಣ್ತಪ್ಪಿನಿಂದ ಬರೆದೆ ಅನ್ನಬಹುದಿತ್ತು.

‘ಹಲ್ಲು’ ಅಂದೆ.

‘ಏನು?’

‘ಕೆಳಗಿನ ಮುಂದಿನ ಹಲ್ಲು. ಆ ವಯಸ್ಸಿಗೆ ಅಷ್ಟು ಸಮ ಇರಲ್ಲ ಪುಟ್ಟಾ. ಸವೆದಿರುತ್ತೆ. ಒಂದರ ಮೇಲೊಂದು ವಾಲಿರುತ್ತೆ. ವಸಡು ಕೆಳಗಿಳಿದು ಉದ್ದ ಕಾಣುತ್ತೆ, ನೀನು ಅದನ್ನ—’

‘ನಿನ್ನನ್ನ ಕೇಳಿದ್ದೆ.’

ಕೂಗಲಿಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ‘ನೀನು ಯಾರು ನೋಡ್ತಾರೆ ಅಂದೆ. ನಾನು ನಂಬಿದೆ. ನೀನು ಹೇಳಿದ್ದಲ್ವಾ ಅಂತ.’

ಒಳಗಿನಿಂದ ಇವಳು ಊಟಕ್ಕೆ ಕರೆದಳು. ಮಗಳು ಬಂದು ಕೂತಳು, ತಿಂದಳು, ಅಮ್ಮನ ಜತೆ ಮಾತನಾಡಿದಳು. ತಟ್ಟೆ ತೊಳೆದಿಟ್ಟಳು. ಹೊರಡುವಾಗ ಬೆಂಚಿನ ಕೋಣೆಯ ಕಡೆ ಬರಲಿಲ್ಲ.

ಫೆಬ್ರವರಿ 22, ಶನಿವಾರ. ಮಧ್ಯಾಹ್ನ 3.40

ತಾಂತ್ರಿಕ ಪ್ರಶಸ್ತಿಗಳನ್ನು ಹಗಲಲ್ಲೇ ಕೊಟ್ಟು ಮುಗಿಸುತ್ತಾರೆ. ಟಿವಿಯಲ್ಲಿ ತೋರಿಸುವುದಿಲ್ಲ. ಫೋನಿನಲ್ಲಿ ಹೆಸರುಗಳು ಒಂದೊಂದಾಗಿ ಬರುತ್ತಿದ್ದವು. ಧ್ವನಿ — ಸರಿ. ಸಂಕಲನ — ಸರಿ.

ಮೇಕಪ್ — ಯುದ್ಧದ ಸಿನಿಮಾ.

ಕೈ ತನ್ನ ಪಾಡಿಗೆ ಸರಿ ಗುರುತು ಹಾಕಿತು. ಹಾಕಿದ ಮೇಲೆ ನನಗೆ ಗೊತ್ತಾಯಿತು. ಇವಳು ಬಾಗಿಲಲ್ಲೇ ನಿಂತಿದ್ದಳು.

‘ಇನ್ನೂ ಸ್ವಲ್ಪ ದೊಡ್ಡದಾಗಿ ಹಾಕಿ. ಕಾಣಿಸ್ತಿಲ್ಲ.’

4.15 — ಮಗಳಿಗೆ ಫೋನ್. ಎತ್ತಲಿಲ್ಲ. 4.30 — ಸ್ವಿಚ್ ಆಫ್.

ಫೆಬ್ರವರಿ 23, ಭಾನುವಾರ

ಇಪ್ಪತ್ತೆರಡರಲ್ಲಿ ಹದಿನೆಂಟು. ನನ್ನ ಜನ್ಮದಲ್ಲಿ ಇಷ್ಟು ಬಂದಿರಲಿಲ್ಲ. ಡಾಕ್ಟರು ಬೆಳಿಗ್ಗೆಯೇ ಫೋನ್ ಮಾಡಿದರು. ಅವರದು ಹದಿನೇಳು.

‘ಒಂದರಲ್ಲಿ ಹೋಯ್ತು ನೋಡಿ! ನಿಮ್ಮ ಮಗಳ ಹೆಸರು ಹಾಕಿ ಎಡವಿದೆ. ಎರಡೂ ಕಾಲಂನಲ್ಲಿ ಅವಳದೇ ಬರ್ದಿದ್ದೆ. ಎತ್ತಿ ಆಡಿಸಿದ ಮಗು ರೀ, ಪೆನ್ನು ಬೇರೆ ಕಡೆ ಹೋಗಲೇ ಇಲ್ಲ. ನಿಮ್ಮದು ಬಿಡಿ, ಗಟ್ಟಿ ಗುಂಡಿಗೆ.’ ಜೋರಾಗಿ ನಕ್ಕರು. ಮನಸ್ಸಿನಲ್ಲಿ ಏನೂ ಇಲ್ಲದ ಮನುಷ್ಯ. ‘ಸರಿ, ಯಾವ ಸಿನಿಮಾ ತೋರಿಸ್ತೀರಿ ನನಗೆ?’

ಯೋಚಿಸಿ ಹೇಳುತ್ತೇನೆ ಅಂದೆ.

ಮಾರ್ಚ್ 19, ಬುಧವಾರ

ಬರೆಯಲು ಏನಿತ್ತು. ಸೆಟ್ ಮಾಡಿದೆ, ಪಾಲಿಶ್ ಮಾಡಿದೆ, ಕಳಿಸಿದೆ.

ಇವತ್ತು ಇವಳು ಹೇಳಿದಳು. ಮಗಳು ಸಿನಿಮಾ ಬಿಟ್ಟಿದ್ದಾಳೆ. ಹೊಸದೊಂದು ಬಂದಿತ್ತಂತೆ, ದೊಡ್ಡದೇ. ಬೇಡ ಅಂದಳಂತೆ. ಬಟ್ಟೆ ಅಂಗಡಿಯ ಕಿಟಕಿಯಲ್ಲಿ ನಿಲ್ಲಿಸುವ ಗೊಂಬೆಗಳ ಕಾರ್ಖಾನೆಗೆ ಸೇರಿ ಎರಡು ವಾರವಾಯಿತು.

‘ನಿನಗೆ ಯಾವಾಗ ಹೇಳಿದಳು?’

‘ಸೇರೋ ಮುಂಚೆ.’

‘ನನಗೆ ಯಾಕೆ ಹೇಳಲಿಲ್ಲ?’

ಒಣಗಿದ ಬಟ್ಟೆ ಮಡಚುತ್ತಾ ಕೂತಳು.

ಮಾರ್ಚ್ 31, ಸೋಮವಾರ

ಅರ್ಧ ದಿನ ರಜೆ ಹಾಕಿಕೊಂಡೆ. ನನ್ನ ಬೆಂಚಿಗೆ ನಾನೇ ಯಜಮಾನ, ಆದರೂ ಹಾಗೆ ಅಂದುಕೊಂಡು ಹೊರಟೆ. ಎರಡು ಬಸ್ಸು. ಕಾರ್ಖಾನೆ ಊರಾಚೆ.

ಮಗಳ ಮೂಗಿಗೆ ಮಾಸ್ಕ್, ಹುಬ್ಬಿನ ಮೇಲೆಲ್ಲ ಬಿಳಿ ಧೂಳು. ನನ್ನನ್ನು ನೋಡಿ ಗಾಬರಿಯಾದಳು — ಅಮ್ಮನಿಗೆ ಏನಾದರೂ ಆಯಿತೇ ಎಂದು. ಇಲ್ಲ, ಸುಮ್ಮನೆ ಬಂದೆ ಅಂದೆ. ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಕೋಪವಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಸಾಲಾಗಿ ತಲೆಗಳು, ಇನ್ನೂರು ಮುನ್ನೂರು. ಅವಳ ಕೆಲಸ ಅಂಚು ಉಜ್ಜಿ ನುಣುಪು ಮಾಡುವುದು.

‘ಮುಖ ನೀನು ಮಾಡಲ್ವಾ?’

‘ಎಲ್ಲಾ ಒಂದೇ ಅಚ್ಚು ಅಪ್ಪ. ಮಾಡೋದೇನಿದೆ? ಬಾಯೂ ಮುಚ್ಚಿರುತ್ತೆ. ಸುಲಭ.’

ಚುಚ್ಚಲು ಹೇಳಿದ್ದಲ್ಲ. ಕೆಲಸ ವಿವರಿಸಿದ್ದು, ಅಷ್ಟೇ. ಆಮೇಲೆ ಕೇಳಿದಳು:

‘ಊಟ ಮಾಡಿದ್ರಾ?’

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಹೊಳೆಯಿತು. ಮಾಡಿದ್ರಾ. ಮಾತು ಕಲಿತಾಗಿನಿಂದ ನನ್ನನ್ನು ‘ನೀನು’ ಅಂದವಳು.

ಏಪ್ರಿಲ್ 12, ಶನಿವಾರ

ಮುದುಕಿಯ ಸಿನಿಮಾಗೆ ಮತ್ತೆ ಹೋಗಿದ್ದೆ. ಒಬ್ಬನೇ. ಒಂದೇ ಚಿತ್ರಮಂದಿರದಲ್ಲಿ ಉಳಿದಿದೆ, ಬೆಳಗಿನ ಆಟ ಮಾತ್ರ. ಒಟ್ಟು ಒಂಬತ್ತು ಜನ. ನಾನೇ ತಪ್ಪು ಎಂದು ತೋರಿಸಿಕೊಡಲು ಹೋದದ್ದು, ನನಗೆ ನಾನೇ. ಹಿಂದಿನ ಸಾಲಿನಲ್ಲಿ ಕೂತೆ. ಕನ್ನಡಕ ತೆಗೆದೂ ನೋಡಿದೆ.

ನಕ್ಕಳು. ಅಲ್ಲೇ ಇತ್ತು. ಮಸುಕಾಗಿಯೂ ಸಮ.

ಮುಂದಿನ ಸಾಲಿನಲ್ಲಿ ಒಬ್ಬಾಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳಿಗೆ ಕಾಣಿಸಲಿಲ್ಲ. ಡಾಕ್ಟರಿಗೆ ಕಾಣಿಸಲಿಲ್ಲ, ಹಲ್ಲನ್ನೇ ನೋಡಿ ಬದುಕುವ ಮನುಷ್ಯನಿಗೆ. ಇವಳಿಗೆ ಕಾಣಿಸಲಿಲ್ಲ. ಇಡೀ ಊರಿನಲ್ಲಿ ನನಗೊಬ್ಬನಿಗೆ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 9

ಭಾನುವಾರವೂ ಮಗಳಿಗೆ ಕೆಲಸ. ಶಿಫ್ಟಿಗೆ ಮುಂಚೆ ಸಿಗುತ್ತಾಳೆ ಎಂದು ಇವಳೇ ಹೇಳಿ, ನಂಬರು ಒತ್ತಿ ಕೈಗೆ ಕೊಟ್ಟು ಹೊರಗೆ ಹೋದಳು.

ಎತ್ತಿದಳು.

‘ನಿನ್ನೆ ಮತ್ತೆ ನೋಡಿದೆ ಪುಟ್ಟಾ. ನಿನ್ನ ಸಿನಿಮಾ. ಹಲ್ಲು ಸರಿಯಾಗೇ ಇದೆ. ಆವತ್ತು ನನ್ನ ಕಣ್ಣೇ ಸರಿಯಿರಲಿಲ್ಲ.’

‘ಸುಳ್ಳು ಹೇಳೋಕೆ ನಿಮಗೆ ಬರಲ್ಲ ಅಪ್ಪ’ ಅಂದಳು. ಮೆತ್ತಗೇ ಅಂದಳು. ಸಮಾಧಾನ ಮಾಡುವ ಹಾಗೆ. ‘ಇಡ್ಲಾ? ಬೆಲ್ ಆಗುತ್ತೆ ಈಗ.’

‘ಇರು’ ಅಂದೆ.

ಇದ್ದಳು. ಆ ಕಡೆ ಯಾರೋ ಗಾಡಿ ತಳ್ಳಿಕೊಂಡು ಹೋದ ಸದ್ದು. ಬಾಗಿಲು ಎಳೆದ ಸದ್ದು. ಕಾಯುತ್ತಿದ್ದಳು, ಇಡಲಿಲ್ಲ. ‘ಆ ಹಲ್ಲು ನಾನೇ ಮಾಡಿಕೊಡಬೇಕಿತ್ತು ಪುಟ್ಟಾ’ ಅಂದೆ.